ಸಭೆಗಳ ನಡುವೆ ಯೋಚಿಸುವ ಹೊತ್ತು: ಹಿರಿಯ ಹುದ್ದೆಯಲ್ಲಿರುವವರು ಅದನ್ನು ಹೇಗೆ ಉಳಿಸಿಕೊಳ್ಳುತ್ತೀರಿ?

ಪ್ರಶ್ನೆ – ವಿಭಾಗ ಮುಖ್ಯಸ್ಥೆ

ನಮಸ್ಕಾರ. ಒಂದು ದೊಡ್ಡ ಸಂಸ್ಥೆಯ ಕಾರ್ಯಾಚರಣೆ ವಿಭಾಗ ನನ್ನ ಹೊಣೆಯಲ್ಲಿದೆ. ಈ ಹುದ್ದೆಗೆ ಬರುವ ಮುನ್ನ ಒಂದೊಂದೇ ವಿಷಯವನ್ನು ಹಿಡಿದು ಆಳವಾಗಿ ಓದುವುದು, ಲೆಕ್ಕ ಹಾಕುವುದು, ಟಿಪ್ಪಣಿ ಬರೆಯುವುದು ನನ್ನ ಕೆಲಸವಾಗಿತ್ತು. ಬಡ್ತಿ ಸಿಕ್ಕಿದ್ದೂ ಬಹುಶಃ ಅದೇ ಕಾರಣಕ್ಕೆ. ಈಗ ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುತ್ತಿದ್ದೇನೆ. ಬೆಳಗ್ಗೆ ನಾನು ಕಚೇರಿ ತಲುಪುವಷ್ಟರಲ್ಲಿ ಬೇರೆಯವರು ನನ್ನ ಕ್ಯಾಲೆಂಡರನ್ನು ತುಂಬಿಸಿರುತ್ತಾರೆ. ಒಂದು ಸಭೆ ಮುಗಿದು ಇನ್ನೊಂದು ಶುರುವಾಗುವ ಮುನ್ನ ಸಿಗುವ ಅಲ್ಪ ಬಿಡುವಿನಲ್ಲಿ ಅನುಮೋದನೆಗೆ ಬಂದ ಕಡತಗಳ ಮೇಲೆ ಕಣ್ಣಾಡಿಸಿ ಸಹಿ ಹಾಕುತ್ತೇನೆ. ತೀರ್ಮಾನಗಳೇನೋ ಆಗುತ್ತಿವೆ, ಆದರೆ ಅವುಗಳಲ್ಲಿ ನಾನು ನಿಜವಾಗಿ ಯೋಚಿಸಿ ಕೈಗೊಂಡವು ಎಷ್ಟು ಎಂದು ಯಾರಾದರೂ ಕೇಳಿದರೆ ಹೇಳುವುದು ಕಷ್ಟ.

ಶುಕ್ರವಾರ ಮಧ್ಯಾಹ್ನದ ಎರಡು ಗಂಟೆಗಳನ್ನು ಚಿಂತನೆಗೆಂದು ಕಾದಿರಿಸಿ ನೋಡಿದೆ. ಕೆಲವು ವಾರ ಆ ಹೊತ್ತಿಗೆ ಯಾವುದೋ ತುರ್ತು ಸಭೆ ಬಂದು ಕುಳಿತುಕೊಳ್ಳುತ್ತದೆ. ಹೊತ್ತು ಉಳಿದ ವಾರಗಳಲ್ಲಿ ಬಾಗಿಲು ಮುಚ್ಚಿ ಕೂರುತ್ತೇನೆ, ಏನನ್ನು ಯೋಚಿಸಬೇಕೆಂದು ತೋಚುವುದಿಲ್ಲ, ಕೊನೆಗೆ ಬಾಕಿ ಇಮೇಲ್‌ಗಳಿಗೆ ಉತ್ತರ ಬರೆಯುತ್ತಾ ಆ ಎರಡು ಗಂಟೆ ಕಳೆದುಹೋಗುತ್ತದೆ.

ಇದೇ ಮಟ್ಟದ ಹೊಣೆ ಹೊತ್ತಿರುವವರಿಂದ ಕೆಲವು ಸಂಗತಿ ತಿಳಿಯಬೇಕಿದೆ. ಚಿಂತನೆಗೆ ದಿನಕ್ಕಿಷ್ಟು ಎಂದು ಸ್ವಲ್ಪ ಸ್ವಲ್ಪ ಹೊತ್ತು ಇಟ್ಟುಕೊಳ್ಳುವುದು ಒಳ್ಳೆಯದೋ, ವಾರಕ್ಕೊಮ್ಮೆ ದೊಡ್ಡ ಅವಧಿಯನ್ನು ಮೀಸಲಿಡುವುದು ಒಳ್ಳೆಯದೋ? ಆ ಹೊತ್ತಿನಲ್ಲಿ ನೀವು ವಾಸ್ತವವಾಗಿ ಏನು ಮಾಡುತ್ತೀರಿ? ನನ್ನ ತಂಡದವರು ಉಸಿರಾಡಲು ಬಿಡುವಿಲ್ಲದೆ ದುಡಿಯುತ್ತಿರುವಾಗ ಮುಖ್ಯಸ್ಥೆಯಾದವಳು ಬಾಗಿಲು ಹಾಕಿಕೊಂಡು ಯೋಚಿಸುತ್ತಾ ಕೂರುವುದು ಅವರಿಗೆ ಹೇಗೆ ಕಾಣುತ್ತದೆ ಎಂಬ ಅಳುಕೂ ಇದೆ, ಅದಕ್ಕೂ ಏನಾದರೂ ಹೇಳಿ.

ಉತ್ತರ 1 – ನಿವೃತ್ತ ಆಡಳಿತ ನಿರ್ದೇಶಕ

ನಿಮ್ಮ ಕೊನೆಯ ಅಳುಕಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಇರುವವರೆಗೆ ಉಳಿದ ಯಾವ ಸಲಹೆಯೂ ನಿಲ್ಲುವುದಿಲ್ಲ. ನಿಮ್ಮ ತಂಡದ ದುಡಿಮೆಯಲ್ಲಿ ಒಂದು ಪಾಲು ಮೇಲಿನವರು ಸರಿಯಾಗಿ ಯೋಚಿಸದೆ ಕೊಟ್ಟ ಆದೇಶಗಳಿಂದ ಹುಟ್ಟಿದ್ದು. ಅವಸರದಲ್ಲಿ ಒಪ್ಪಿದ ಗಡುವು, ಎರಡು ವಿಭಾಗಗಳಿಗೆ ಒಂದೇ ಕೆಲಸವನ್ನು ವಹಿಸಿದ್ದು, ನಿಲ್ಲಿಸಬೇಕಾಗಿದ್ದ ಯೋಜನೆಯನ್ನು ನಿಲ್ಲಿಸದೇ ಬಿಟ್ಟದ್ದು, ಇವುಗಳ ಬೆಲೆಯನ್ನು ತೆರುವವರು ಕೆಳಗಿನವರು. ಹಾಗಾಗಿ ನೀವು ಕುಳಿತು ಯೋಚಿಸುವುದು ಅವರ ಪಾಲಿನ ಸಮಯದಿಂದ ಕದ್ದ ಐಷಾರಾಮವಲ್ಲ. ಅದು ನಿಮ್ಮ ಹುದ್ದೆಯ ಕೆಲಸ, ಸಂಬಳ ಬರುವುದೂ ಅದಕ್ಕೇ.

ಇನ್ನು ಸಮಯದ ವಿಚಾರ. ನಿಮ್ಮ ದಿನ ಚೂರುಚೂರಾಗಿರುವುದು ನಿಮ್ಮೊಬ್ಬರ ಕಥೆಯಲ್ಲ. ನಿರ್ವಹಣಾಶಾಸ್ತ್ರದ ವಿದ್ವಾಂಸ ಹೆನ್ರಿ ಮಿಂಟ್ಸ್‌ಬರ್ಗ್ ಐವರು ಮುಖ್ಯ ಕಾರ್ಯನಿರ್ವಾಹಕರ ಜೊತೆಗಿದ್ದು ಅವರ ದಿನಚರಿಯನ್ನು ಗಮನಿಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ಮಾಡಿದ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷಕ್ಕಿಂತ ಕಡಿಮೆ ಅವಧಿಯವಾಗಿದ್ದವು, ಒಂದು ಗಂಟೆಯನ್ನು ದಾಟಿದವು ಶೇಕಡ 10 ಮಾತ್ರ. ಆಗ ಇಮೇಲ್ ಇರಲಿಲ್ಲ, ಮೊಬೈಲ್ ಇರಲಿಲ್ಲ ಎಂಬುದನ್ನು ನೆನಪಿಡಿ. ಎಲ್ಲವನ್ನೂ ತಂತ್ರಜ್ಞಾನದ ತಲೆಗೆ ಕಟ್ಟುವವರಿಗೆ ನಾನು ಈ ಅಂಕಿಯನ್ನು ಹೇಳುವುದುಂಟು.

ಅದಕ್ಕಿಂತ ಹೊಸದಾದ ಇನ್ನೊಂದು ಅಧ್ಯಯನ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ ಮತ್ತು ನಿತಿನ್ ನೊಹ್ರಿಯಾ ಅವರು 27 ಮುಖ್ಯ ಕಾರ್ಯನಿರ್ವಾಹಕರ ಸಮಯವನ್ನು ತಲಾ ಮೂರು ತಿಂಗಳ ಕಾಲ ದಾಖಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸದ ಹೊತ್ತಿನ ಶೇಕಡ 72 ಭಾಗ ಸಭೆಗಳಿಗೆ ಹೋಗುತ್ತಿತ್ತು, ಶೇಕಡ 28 ಭಾಗ ಒಬ್ಬರೇ ಇರುವ ಸಮಯವಾಗಿತ್ತು. ಕಾಲು ಭಾಗಕ್ಕಿಂತಲೂ ಹೆಚ್ಚು ಏಕಾಂತ ಸಿಕ್ಕರೆ ಸಾಲದೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಆ ಏಕಾಂತದ ಶೇಕಡ 59 ಭಾಗ ಒಂದು ಗಂಟೆಯೊಳಗಿನ ತುಣುಕುಗಳಾಗಿ ಹಂಚಿಹೋಗಿತ್ತು. ಒಟ್ಟು ಹೊತ್ತು ಕಡಿಮೆಯಿದೆ ಎನ್ನುವುದಕ್ಕಿಂತ ಅದು ಒಂದೆಡೆ ಒಟ್ಟಾಗಿಲ್ಲ ಎನ್ನುವುದೇ ನಿಜವಾದ ತೊಡಕು. ಆದ್ದರಿಂದ ದಿನಕ್ಕೆ ಸ್ವಲ್ಪವೋ ವಾರಕ್ಕೆ ದೊಡ್ಡದೋ ಎಂಬ ಪ್ರಶ್ನೆಗೆ ನನ್ನ ಉತ್ತರ ಎರಡನೆಯದೇ. ಚದುರಿರುವ ತುಣುಕುಗಳನ್ನು ಒಂದು ಕಡೆ ಸೇರಿಸಿದರೆ ಹೊಸದಾಗಿ ಸಮಯವನ್ನು ಹುಡುಕಿ ತರುವ ಅಗತ್ಯವೇ ಅನೇಕರಿಗೆ ಬೀಳುವುದಿಲ್ಲ.

ನಿಮ್ಮ ಶುಕ್ರವಾರ ಏಕೆ ಕೈಕೊಡುತ್ತಿದೆ ಎಂಬುದಕ್ಕೆ ನನಗೆ ಎರಡು ಕಾರಣ ಕಾಣುತ್ತವೆ. ವಾರದ ಎಲ್ಲ ಬಾಕಿಯೂ ಬಂದು ಬೀಳುವ ಹೊತ್ತು ಅದು, ಜೊತೆಗೆ ಮನಸ್ಸು ದಣಿದಿರುತ್ತದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದಂಶ ಹಿಂದಿನ ಕೆಲಸದಲ್ಲೇ ಸಿಕ್ಕಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ 2009ರ ತಮ್ಮ ಸಂಶೋಧನೆಯಲ್ಲಿ ತೋರಿಸಿದ್ದಾರೆ. ವಾರಪೂರ್ತಿ ಅರ್ಧಂಬರ್ಧ ಬಿಟ್ಟ ಕೆಲಸಗಳ ಉಳಿಕೆಯನ್ನೆಲ್ಲ ಹೊತ್ತು ನೀವು ಶುಕ್ರವಾರ ಬಾಗಿಲು ಮುಚ್ಚುತ್ತೀರಿ. ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ನೀವು ಸಮಯವನ್ನು ಕಾದಿರಿಸಿದ್ದೀರಿ, ಪ್ರಶ್ನೆಯನ್ನು ಕಾದಿರಿಸಿಲ್ಲ. ಪ್ರಶ್ನೆಯಿಲ್ಲದ ಖಾಲಿ ಹೊತ್ತನ್ನು ಇಮೇಲ್ ತುಂಬಿಸದೆ ಬಿಡುವುದಿಲ್ಲ. ನಾನು ಹುದ್ದೆಯಲ್ಲಿದ್ದಾಗ ವಾರದ ನಡುವೆ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು, ಚಿಂತನೆಯ ಹೊತ್ತಿಗೆ ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುತ್ತಿದ್ದೆ. ‘ತಂಡದ ಭವಿಷ್ಯ’ ಎಂಬಂಥ ಅಗಲವಾದ ವಿಷಯವಲ್ಲ, ‘ಈ ಗ್ರಾಹಕರನ್ನು ಕಳೆದುಕೊಂಡರೆ ನಿಜಕ್ಕೂ ಏನಾಗುತ್ತದೆ’ ಎಂಬಷ್ಟು ಕಿರಿದಾದ ಪ್ರಶ್ನೆ.

ಇದರ ಜೊತೆಗೆ ನಿರ್ವಹಣಾ ಚಿಂತಕ ಪೀಟರ್ ಡ್ರಕ್ಕರ್ ಹೇಳಿದ ಒಂದು ಪದ್ಧತಿಯನ್ನು ಶಿಫಾರಸು ಮಾಡುತ್ತೇನೆ. ಮುಖ್ಯವಾದ ಯಾವುದೇ ತೀರ್ಮಾನ ತೆಗೆದುಕೊಂಡಾಗ ಅದರಿಂದ ಏನಾಗಬಹುದು ಎಂಬ ನಿಮ್ಮ ನಿರೀಕ್ಷೆಯನ್ನು ಬರೆದಿಡಿ, ಒಂಬತ್ತು ಅಥವಾ ಹನ್ನೆರಡು ತಿಂಗಳ ನಂತರ ವಾಸ್ತವವನ್ನು ಅದರ ಪಕ್ಕದಲ್ಲಿಟ್ಟು ಓದಿ. ಬರೆದಿಡದಿದ್ದರೆ ನಾವು ಮೊದಲಿಗೆ ಏನು ಅಂದುಕೊಂಡಿದ್ದೆವು ಎಂಬುದನ್ನು ಫಲಿತಾಂಶಕ್ಕೆ ತಕ್ಕಂತೆ ನೆನಪೇ ತಿದ್ದಿಬಿಡುತ್ತದೆ. ಈ ಹಳೆಯ ಪುಟಗಳೇ ಮುಂದೆ ನಿಮ್ಮ ಚಿಂತನೆಯ ಹೊತ್ತಿಗೆ ಪ್ರಶ್ನೆಗಳನ್ನು ಒದಗಿಸುತ್ತವೆ, ಹುಡುಕಿಕೊಂಡು ಹೋಗಬೇಕಾಗಿಲ್ಲ.

ಕೊನೆಯದಾಗಿ, ನಿಮ್ಮ ಬಳಿಗೆ ಸಹಿಗೆ ಬರುವ ಕಡತಗಳಲ್ಲಿ ಎಷ್ಟು ನಿಜವಾಗಿ ನಿಮ್ಮ ಬಳಿಗೆ ಬರಬೇಕಾದವು ಎಂದು ಒಂದು ತಿಂಗಳು ಗುರುತು ಹಾಕಿ ನೋಡಿ. ಓದದೆಯೇ ಸಹಿ ಹಾಕಬಹುದಾದ ಕಡತವು ನಿಮ್ಮ ಮೇಜಿಗೆ ಬರಬೇಕಾಗಿರಲಿಲ್ಲ. ಅಧಿಕಾರವನ್ನು ಕೆಳಗೆ ಹಂಚದೆ ಕ್ಯಾಲೆಂಡರನ್ನು ಮಾತ್ರ ಸರಿಪಡಿಸಲು ಹೊರಟವರು ಯಶಸ್ವಿಯಾದದ್ದನ್ನು ನಾನಂತೂ ಕಂಡಿಲ್ಲ.

ಉತ್ತರ 2 – ತುರ್ತು ಸೇವೆಯ ವೈದ್ಯಕೀಯ ಅಧೀಕ್ಷಕ

ಮೇಲಿನ ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ. ದೊಡ್ಡ ಅವಧಿಯೇ ಬೇಕು ಎಂಬ ನಿಯಮ ಎಲ್ಲ ಹುದ್ದೆಗೂ ಒಗ್ಗುವುದಿಲ್ಲ. 1990ರ ದಶಕದಲ್ಲಿ ಬಿಲ್ ಗೇಟ್ಸ್ ವರ್ಷಕ್ಕೆ ಎರಡು ಸಲ ಒಂದೊಂದು ವಾರ ಒಂಟಿ ಮನೆಯೊಂದರಲ್ಲಿ ಕುಳಿತು ಓದುತ್ತಾ ಯೋಚಿಸುತ್ತಿದ್ದ ಸಂಗತಿಯನ್ನು ಈ ವಿಷಯ ಬಂದಾಗಲೆಲ್ಲ ಯಾರಾದರೂ ಹೇಳುತ್ತಾರೆ. ಕಂಪನಿಯನ್ನು ಕಟ್ಟಿದವರಿಗೆ ಅದು ಸಾಧ್ಯ. ರಾತ್ರಿ ಎಷ್ಟು ಹೊತ್ತಿಗೆ ಕರೆ ಬರುತ್ತದೆಯೋ ತಿಳಿಯದ ನನ್ನಂಥವರಿಗೆ ವಾರವಿರಲಿ, ಎರಡು ಗಂಟೆಯ ಭರವಸೆಯೂ ಇರುವುದಿಲ್ಲ.

ವೃತ್ತಿಪರರು ಯೋಚಿಸುವ ರೀತಿಯನ್ನು ಅಧ್ಯಯನ ಮಾಡಿದ ಡೊನಾಲ್ಡ್ ಶೋನ್ 1983ರಲ್ಲಿ ಎರಡು ಬಗೆಯ ಚಿಂತನೆಯನ್ನು ಬೇರ್ಪಡಿಸಿ ತೋರಿಸಿದರು. ಒಂದು, ಕೆಲಸ ಮುಗಿದ ಮೇಲೆ ಹಿಂದಿರುಗಿ ನೋಡುವುದು, ಇನ್ನೊಂದು, ಕೆಲಸದ ನಡುವೆಯೇ ಅನಿರೀಕ್ಷಿತವಾದದ್ದು ಎದುರಾದಾಗ ಅಲ್ಲೇ ತಡೆದು ಯೋಚಿಸಿ ದಾರಿ ಬದಲಿಸುವುದು. ಈ ಎರಡನೆಯದಕ್ಕೆ ಬಾಗಿಲು ಮುಚ್ಚಿದ ಕೋಣೆ ಬೇಕಿಲ್ಲ. ಮೊದಲನೆಯದಕ್ಕೂ ನಾವು ಅನುಸರಿಸುವ ಪದ್ಧತಿ ಚಿಕ್ಕದು. ಅಮೆರಿಕದ ಸೇನೆಯಲ್ಲಿ ರೂಢಿಗೆ ಬಂದ ಕಾರ್ಯಾನಂತರದ ಪರಾಮರ್ಶೆಯ ಪ್ರಶ್ನೆಗಳನ್ನೇ ನಾವೂ ಬಳಸುತ್ತೇವೆ. ಏನಾಗಬೇಕೆಂದು ಅಂದುಕೊಂಡಿದ್ದೆವು, ಏನಾಯಿತು, ಏಕೆ ಹಾಗಾಯಿತು, ಮುಂದಿನ ಸಲ ಯಾವುದನ್ನು ಉಳಿಸಿಕೊಂಡು ಯಾವುದನ್ನು ಬದಲಿಸಬೇಕು? ಪಾಳಿ ಮುಗಿಯುವ ಮುನ್ನ ನಿಂತಲ್ಲೇ ನಿಂತು ಈ ಮಾತುಕತೆ ಮುಗಿಸುತ್ತೇವೆ, ಹುದ್ದೆಯಲ್ಲಿ ಕಿರಿಯರಾದವರು ಮೊದಲು ಮಾತಾಡುತ್ತಾರೆ. ಮುಖ್ಯಸ್ಥರು ಮೊದಲು ಬಾಯಿ ತೆರೆದರೆ ಉಳಿದವರು ಅವರ ಮಾತನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ.

ಇದರಲ್ಲಿ ಇನ್ನೊಂದು ಅನುಕೂಲವಿದೆ. ನೀವು ಯೋಚಿಸುವುದನ್ನು ತಂಡದವರು ಕಣ್ಣಾರೆ ನೋಡುತ್ತಾರೆ, ಆದ್ದರಿಂದ ಬಾಗಿಲು ಮುಚ್ಚಿ ಕೂತರೆ ಏನನ್ನುತ್ತಾರೋ ಎಂಬ ಅಳುಕಿಗೆ ಆಸ್ಪದವಿಲ್ಲ. ಸಭೆಗಳನ್ನು ಕಡಿಮೆ ಮಾಡಲಾಗದಿದ್ದರೆ ಸಭೆಯ ಒಳಗೇ ಯೋಚನೆಗೆ ಜಾಗ ಮಾಡಿ. ಅಮೆಜಾನ್ ಸಂಸ್ಥೆಯಲ್ಲಿ 2004ರಲ್ಲಿ ಹಿರಿಯರ ಸಭೆಗಳಿಂದ ಸ್ಲೈಡ್‌ಗಳನ್ನು ಕೈಬಿಟ್ಟು, ಗರಿಷ್ಠ ಆರು ಪುಟದ ಬರಹವನ್ನು ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಓದುವ ಕ್ರಮವನ್ನು ತಂದರು. ನನ್ನ ಮಟ್ಟಿಗೆ ಆ ಓದಿನ ಹೊತ್ತಿನಲ್ಲಿ ಆಗುವಷ್ಟು ಚಿಂತನೆ ಅದರ ನಂತರದ ಚರ್ಚೆಯಲ್ಲಿ ಆಗುವುದಿಲ್ಲ.

ಉತ್ತರ 3 – ಆಪ್ತ ಕಾರ್ಯದರ್ಶಿ

ನಾನು ನಾಯಕಿಯಲ್ಲ, ನಾಯಕರ ಕ್ಯಾಲೆಂಡರನ್ನು ನೋಡಿಕೊಳ್ಳುವವಳು. ಹಲವು ಮುಖ್ಯಸ್ಥರ ಬಳಿ ಕೆಲಸ ಮಾಡಿದ್ದೇನೆ. ಮೇಲೆ ಹೇಳಿದ 27 ಕಾರ್ಯನಿರ್ವಾಹಕರ ಅಧ್ಯಯನದಲ್ಲಿ ಹದಿನೈದು ನಿಮಿಷಕ್ಕೊಂದರಂತೆ ಸಮಯವನ್ನು ಗುರುತಿಸಿ ಬರೆದುಕೊಂಡವರು ಆ ಕಾರ್ಯನಿರ್ವಾಹಕರ ಸಹಾಯಕರೇ ಎಂಬುದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ಮೇಡಂ, ನಿಮ್ಮ ಪ್ರಶ್ನೆಯಲ್ಲಿ ನಿಮ್ಮ ಕ್ಯಾಲೆಂಡರನ್ನು ಕಾಯುವ ವ್ಯಕ್ತಿಯ ಉಲ್ಲೇಖವೇ ಇಲ್ಲ. ಅಂಥವರು ಇದ್ದರೆ, ನೀವು ಆ ಎರಡು ಗಂಟೆಯಲ್ಲಿ ಏನು ಮಾಡಲಿದ್ದೀರಿ ಎಂಬುದನ್ನು ಅವರಿಗೆ ವಿವರವಾಗಿ ಹೇಳಿ. ‘ಯೋಚನೆ’ ಎಂದಷ್ಟೇ ಬರೆದ ಅವಧಿಯನ್ನು ಬೇರೆ ವಿಭಾಗದವರು ಖಾಲಿ ಎಂದೇ ಓದುತ್ತಾರೆ, ಅದನ್ನು ಕೇಳಿಕೊಂಡು ಬಂದವರಿಗೆ ಇಲ್ಲವೆನ್ನಲು ಸಹಾಯಕರ ಕೈಯಲ್ಲಿ ಕಾರಣವಿರುವುದಿಲ್ಲ. ‘ಮುಂದಿನ ವರ್ಷದ ನೇಮಕಾತಿ ಯೋಜನೆ, ಕರಡು ಸಿದ್ಧತೆ’ ಎಂದು ಬರೆದಿದ್ದರೆ ಅದನ್ನು ಕದಲಿಸಲು ಬಂದವರೇ ಹಿಂಜರಿಯುತ್ತಾರೆ. ಇದು ಸುಳ್ಳಲ್ಲ, ಏಕೆಂದರೆ ಮೊದಲ ಉತ್ತರದಲ್ಲಿ ಹೇಳಿರುವಂತೆ ಪ್ರಶ್ನೆಯೊಂದನ್ನು ಆರಿಸಿಕೊಂಡಿದ್ದರೆ ನೀವು ಮಾಡುವುದೂ ಅದನ್ನೇ.

ನಾನು ಅನುಸರಿಸುವ ನಿಯಮ ಸರಳವಾಗಿದೆ. ಚಿಂತನೆಯ ಹೊತ್ತನ್ನು ಅದೇ ವಾರದ ಇನ್ನೊಂದು ದಿನಕ್ಕೆ ಸರಿಸಬಹುದು, ಅಳಿಸುವಂತಿಲ್ಲ. ಅದನ್ನು ಮುರಿಯುವ ಅಧಿಕಾರ ಯಾರಿಗಿದೆ, ಯಾವ ಸಂದರ್ಭಕ್ಕಿದೆ ಎಂಬುದನ್ನು ಮುಂಚೆಯೇ ನನ್ನ ಮುಖ್ಯಸ್ಥರಿಂದ ಬರೆಸಿಕೊಂಡಿರುತ್ತೇನೆ. ಆ ಪಟ್ಟಿ ಬಹಳ ಚಿಕ್ಕದು. ಮತ್ತೆ, ಅವಧಿಯನ್ನು ದೊಡ್ಡ ತೀರ್ಮಾನದ ಸಭೆಗೆ ಒಂದೆರಡು ದಿನ ಮೊದಲು ಬರುವಂತೆ ಇಡುತ್ತೇನೆ. ಸಭೆಯ ನಂತರ ಇಟ್ಟರೆ ಅದು ತೀರ್ಮಾನವನ್ನು ಸಮರ್ಥಿಸಿಕೊಳ್ಳುವ ಹೊತ್ತಾಗಿಬಿಡುತ್ತದೆ. ದಿನದ ಮೊದಲ ಭಾಗವಾದರೆ ಉತ್ತಮ, ಆಗಿನ್ನೂ ಬೇರೆಯವರ ತುರ್ತುಗಳು ಹುಟ್ಟಿರುವುದಿಲ್ಲ.

ನಿಯಮವನ್ನು ಕಾಪಾಡುವುದೆಂದರೆ ಏನೆಂಬುದಕ್ಕೆ ಗಾಂಧೀಜಿಯವರ ಸೋಮವಾರದ ಮೌನವನ್ನು ನೆನೆಯುತ್ತೇನೆ. 1947ರ ಜೂನ್ 2ರಂದು, ದೇಶ ವಿಭಜನೆಯ ಯೋಜನೆಯ ಬಗ್ಗೆ ಮೌಂಟ್‌ಬ್ಯಾಟನ್ ಅವರನ್ನು ಭೇಟಿಯಾದ ದಿನವೂ ಸೋಮವಾರವೇ ಆಗಿತ್ತು, ಅವರು ಆಗಲೂ ಮಾತಾಡದೆ ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಬರೆದು ತೋರಿಸಿದರು. ನಮ್ಮ ಮುಖ್ಯಸ್ಥರಿಂದ ನಾನು ಅಷ್ಟನ್ನು ಕೇಳುವುದಿಲ್ಲ. ಮೊಬೈಲನ್ನು ಹೊರಗೆ ನನ್ನ ಮೇಜಿನ ಮೇಲೆ ಇಟ್ಟು ಒಳಗೆ ಹೋದರೆ ಸಾಕು. ಎಷ್ಟೋ ಜನರಿಗೆ ಅದೇ ಅತ್ಯಂತ ಕಷ್ಟದ ಭಾಗ.

ಪ್ರಶ್ನೆ ಕೇಳಿದವರ ಮರುಮಾತು – ವಿಭಾಗ ಮುಖ್ಯಸ್ಥೆ

ಮೂವರಿಗೂ ಧನ್ಯವಾದ. ಪ್ರಶ್ನೆಯೊಂದನ್ನು ಜೊತೆಗೆ ಒಯ್ಯಬೇಕೆಂಬುದು ನನಗೆ ಹೊಳೆದಿರಲಿಲ್ಲ. ನನ್ನ ಸಹಾಯಕರೊಂದಿಗೆ ಈ ವಾರವೇ ಮಾತಾಡುತ್ತೇನೆ. ಒಂದು ತೊಡಕು ಮಾತ್ರ ಇನ್ನೂ ಉಳಿದಿದೆ. ಬಾಗಿಲು ಮುಚ್ಚಿ ಕುಳಿತಾಗ ಮನಸ್ಸು ಮುಂದಿನದನ್ನು ಬಿಟ್ಟು ಹಿಂದಿನದರ ಕಡೆಗೇ ಓಡುತ್ತದೆ. ನಿರ್ದೇಶಕ ಮಂಡಳಿಯ ಸಭೆಯಲ್ಲಿ ಸಹೋದ್ಯೋಗಿಯೊಬ್ಬರು ಆಡಿದ ಮಾತು, ಅದಕ್ಕೆ ನಾನು ಕೊಡಬೇಕಾಗಿದ್ದ ಉತ್ತರ, ಅವರು ಹಾಗೇಕೆ ಮಾಡಿದರು ಎಂಬ ಲೆಕ್ಕಾಚಾರ, ಇವೇ ಸುತ್ತಿ ಸುತ್ತಿ ಬರುತ್ತವೆ. ಎರಡು ಗಂಟೆ ಕಳೆದ ಮೇಲೆ ಮೊದಲಿಗಿಂತ ಹೆಚ್ಚು ದಣಿದಿರುತ್ತೇನೆ. ಇಮೇಲ್‌ಗೆ ಓಡಿಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಉತ್ತರ 4 – ನಾಯಕತ್ವ ತರಬೇತುದಾರ, ಮನಶ್ಶಾಸ್ತ್ರ ಹಿನ್ನೆಲೆ

ಇದನ್ನು ನೀವು ಹೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಸಮಯ ಸಿಗುವುದಿಲ್ಲ ಎನ್ನುವವರಲ್ಲಿ ಅನೇಕರು ವಾಸ್ತವವಾಗಿ ಆ ಸಮಯಕ್ಕೆ ಅಂಜುತ್ತಿರುತ್ತಾರೆ. 2014ರಲ್ಲಿ ತಿಮೊತಿ ವಿಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರನ್ನು ಹದಿನೈದು ನಿಮಿಷ ಖಾಲಿ ಕೋಣೆಯಲ್ಲಿ ಅವರ ಯೋಚನೆಗಳೊಂದಿಗೆ ಬಿಡಲಾಯಿತು. ಬೇಕೆನಿಸಿದರೆ ತಮಗೆ ತಾವೇ ವಿದ್ಯುತ್ ಆಘಾತ ಕೊಟ್ಟುಕೊಳ್ಳುವ ಗುಂಡಿ ಅಲ್ಲಿತ್ತು. ಆ ಆಘಾತವನ್ನು ತಪ್ಪಿಸಿಕೊಳ್ಳಲು ಹಣ ಕೊಡಲೂ ಸಿದ್ಧ ಎಂದು ಮೊದಲು ಹೇಳಿದ್ದವರೇ ಅವರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿಯನ್ನು ಒತ್ತಿದರು. ಇಮೇಲ್ ಪೆಟ್ಟಿಗೆಯನ್ನು ತೆರೆಯುವುದು ಅದಕ್ಕೆ ಹೋಲಿಸಿದರೆ ಸೌಮ್ಯವಾದ ಪಲಾಯನ.

ತನ್ನ ಬಗ್ಗೆ ತಾನು ಯೋಚಿಸುವುದರಲ್ಲಿ ಎರಡು ಬಗೆಯಿದೆ ಎಂಬುದನ್ನು ಟ್ರಾಪ್ನೆಲ್ ಮತ್ತು ಕ್ಯಾಂಪ್‌ಬೆಲ್ 1999ರಲ್ಲಿ ಬೇರೆಬೇರೆಯಾಗಿ ಅಳೆದು ತೋರಿಸಿದರು. ಒಂದು ಕುತೂಹಲದಿಂದ ಹುಟ್ಟುವ ಚಿಂತನೆ, ಇನ್ನೊಂದು ನಷ್ಟ, ಅವಮಾನ, ಆತಂಕಗಳಿಂದ ಹುಟ್ಟುವ ಕೊರಗು. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಮನುಷ್ಯ ಸುಮ್ಮನೆ ಕುಳಿತಿರುತ್ತಾನೆ. ನಿಮ್ಮದು ಎರಡನೆಯದರ ಕಡೆಗೆ ವಾಲುತ್ತಿದೆ. ‘ಅವರು ಹಾಗೇಕೆ ಮಾಡಿದರು’ ಎಂಬ ಪ್ರಶ್ನೆಗೆ ನಿಮ್ಮ ಕೋಣೆಯೊಳಗೆ ಉತ್ತರವಿಲ್ಲ, ಇರುವುದು ಊಹೆ ಮಾತ್ರ, ಮತ್ತು ಊಹೆಗೆ ಕೊನೆಯಿಲ್ಲ. ಆ ಪ್ರಶ್ನೆಯನ್ನು ‘ಅವರ ಆಕ್ಷೇಪಣೆಯಲ್ಲಿ ನಿಜವಾದ ಅಂಶ ಯಾವುದು, ಮುಂದಿನ ಸಭೆಗೆ ಮುನ್ನ ಅವರೊಡನೆ ನಾನು ಯಾವ ಮಾತಾಡಬೇಕು’ ಎಂದು ತಿರುಗಿಸಿಕೊಳ್ಳಿ.

ಮತ್ತು ಬರೆಯಿರಿ. ತಲೆಯೊಳಗೆ ಸುತ್ತುವ ವಾಕ್ಯಕ್ಕೆ ಪೂರ್ಣವಿರಾಮ ಇರುವುದಿಲ್ಲ, ಕಾಗದದ ಮೇಲೆ ಅದನ್ನು ಹಾಕಲೇಬೇಕಾಗುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಗೆಟ್ಟಿಸ್‌ಬರ್ಗ್ ಕದನದ ನಂತರ ಶತ್ರುಸೇನೆ ತಪ್ಪಿಸಿಕೊಂಡು ಹೋಗಲು ಬಿಟ್ಟ ತಮ್ಮ ಸೇನಾಪತಿ ಜನರಲ್ ಮೀಡ್ ಮೇಲೆ ಅಬ್ರಹಾಂ ಲಿಂಕನ್ ಅವರಿಗೆ ಬಹಳ ಬೇಸರವಿತ್ತು. 1863ರ ಜುಲೈ 14ರಂದು ಆ ಬೇಸರವನ್ನೆಲ್ಲ ಹರಿಯಬಿಟ್ಟು ಅವರಿಗೆ ದೀರ್ಘ ಪತ್ರ ಬರೆದರು, ಸಹಿ ಹಾಕಲಿಲ್ಲ, ಕಳಿಸಲೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಮಿತ್ರಸೇನೆಗಳ ದಂಡನಾಯಕರಾಗಿದ್ದ ಐಸೆನ್‌ಹೋವರ್ ಮಾಡಿದ್ದು ಇನ್ನೊಂದು ಬಗೆಯದು. 1944ರ ಜೂನ್‌ನಲ್ಲಿ ನಾರ್ಮಂಡಿಯ ದಾಳಿಗೆ ಮುನ್ನ, ಅದು ವಿಫಲವಾದರೆ ಪ್ರಕಟಿಸಬೇಕಾದ ಹೇಳಿಕೆಯನ್ನು ಅವರು ಕೈಯಾರೆ ಬರೆದು ಜೇಬಿನಲ್ಲಿಟ್ಟುಕೊಂಡರು. ತಪ್ಪೇನಾದರೂ ಇದ್ದರೆ ಅದು ತನ್ನದು ಮಾತ್ರ ಎಂಬ ಅರ್ಥದ ಮಾತು ಅದರಲ್ಲಿದೆ. ಚೀಟಿಯ ಮೇಲೆ ಜೂನ್ ಬದಲು ಜುಲೈ ಎಂದು ದಿನಾಂಕ ಹಾಕಿದ್ದರು, ಆಗಿನ ಒತ್ತಡ ಎಷ್ಟಿತ್ತೆಂದು ಅಷ್ಟರಿಂದಲೇ ತಿಳಿಯುತ್ತದೆ. ಸೋಲನ್ನು ಮೊದಲೇ ಕಲ್ಪಿಸಿಕೊಂಡು ಬರೆಯುವ ಇಂಥದೇ ಕ್ರಮವನ್ನು ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ತಂಡಗಳಿಗೆ ಹೊಂದುವಂತೆ ರೂಪಿಸಿದ್ದಾರೆ. ಯೋಜನೆ ಈಗಾಗಲೇ ಕುಸಿದುಬಿದ್ದಿದೆ ಎಂದು ಭಾವಿಸಿ, ಕುಸಿಯಲು ಕಾರಣವೇನೆಂದು ಪ್ರತಿಯೊಬ್ಬರೂ ಬೇರೆಬೇರೆಯಾಗಿ ಬರೆಯಬೇಕು. ನಿಮ್ಮ ಎರಡು ಗಂಟೆಯಲ್ಲಿ ಒಬ್ಬರೇ ಇದನ್ನು ಮಾಡಬಹುದು.

ಬರೆದ ಮೇಲೂ ಅದೇ ಮಾತು ಸುತ್ತುತ್ತಿದ್ದರೆ ಎದ್ದು ನಡೆಯಿರಿ. ನಡೆಯುವಾಗ ಹೊಸ ಆಲೋಚನೆಗಳು ಹೆಚ್ಚು ಹುಟ್ಟುತ್ತವೆ ಎಂದು ಸ್ಟ್ಯಾನ್‌ಫರ್ಡ್‌ನ 2014ರ ಪ್ರಯೋಗಗಳು ಕಂಡುಕೊಂಡಿವೆ. ಆದರೆ ಒಂದೇ ಸರಿಯುತ್ತರವನ್ನು ಹುಡುಕುವ ಕೆಲಸಕ್ಕೆ ಅದರಿಂದ ಅಂಥ ಲಾಭ ಕಾಣಲಿಲ್ಲ, ಆದ್ದರಿಂದ ದಾರಿಗಳನ್ನು ಹುಡುಕಲು ನಡೆಯಿರಿ, ಅವುಗಳಲ್ಲಿ ಒಂದನ್ನು ಆರಿಸಲು ಮೇಜಿಗೆ ಮರಳಿ. ಎಷ್ಟೋ ವಾರ ಕಳೆದರೂ ಕೊರಗು ಬಿಡದಿದ್ದರೆ ಏಕಾಂತ ಅದಕ್ಕೆ ಮದ್ದಲ್ಲ, ಹುದ್ದೆಯಲ್ಲಿ ನಿಮ್ಮ ಮೇಲೂ ಇಲ್ಲದ ಕೆಳಗೂ ಇಲ್ಲದ ನಂಬಿಕಸ್ಥರೊಬ್ಬರ ಜೊತೆ ಮಾತಾಡಿ.

ಉತ್ತರ 1ರ ನಿವೃತ್ತ ಆಡಳಿತ ನಿರ್ದೇಶಕ

ವೈದ್ಯರ ಆಕ್ಷೇಪಣೆಯನ್ನು ಭಾಗಶಃ ಒಪ್ಪುತ್ತೇನೆ. ಕಾರ್ಯಾನಂತರದ ಪರಾಮರ್ಶೆ ನಡೆದ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡುವುದು ಹೇಗೆಂದು ಕಲಿಸುತ್ತದೆ, ಆ ಕೆಲಸವನ್ನು ಮಾಡಲೇಬೇಕೇ ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ. ಅದಕ್ಕೆ ದೂರ ಬೇಕು, ದೂರಕ್ಕೆ ದೀರ್ಘ ಅವಧಿ ಬೇಕು. ಅವರ ಹುದ್ದೆಯಲ್ಲಿ ಎರಡು ಗಂಟೆ ಸಿಗದಿರಬಹುದು, ಆದರೆ ಆ ಪ್ರಶ್ನೆಯನ್ನು ಅವರ ಸಂಸ್ಥೆಯಲ್ಲಿ ಯಾರಾದರೂ ಕೇಳುತ್ತಿರಲೇಬೇಕು.

ಉತ್ತರ 3ರ ಆಪ್ತ ಕಾರ್ಯದರ್ಶಿ

ಮೇಡಂ, ಸಹಾಯಕರ ಜೊತೆ ಮಾತಾಡುವಾಗ ಇದನ್ನೂ ಸೇರಿಸಿ. ನಿಮ್ಮ ಮೇಲಿನ ಅಧಿಕಾರಿಯ ಕಚೇರಿಯಿಂದ ಆ ಹೊತ್ತಿನಲ್ಲಿ ಕರೆ ಬಂದರೆ ಏನು ಹೇಳಬೇಕೆಂಬ ವಾಕ್ಯವನ್ನು ನೀವೇ ಬರೆದುಕೊಡಿ. ‘ಹನ್ನೊಂದಕ್ಕೆ ಅವರೇ ಕರೆ ಮಾಡುತ್ತಾರೆ, ಅಷ್ಟರೊಳಗೆ ಬೇಕಾದದ್ದಾದರೆ ಈಗಲೇ ಕರೆಯುತ್ತೇನೆ’ ಎಂಬುದನ್ನು ನಾನು ಬಳಸುತ್ತೇನೆ. ಸಾಮಾನ್ಯವಾಗಿ ಆ ಕಡೆಯವರು ಹನ್ನೊಂದನ್ನೇ ಒಪ್ಪುತ್ತಾರೆ. ಹನ್ನೊಂದಕ್ಕೆ ಸರಿಯಾಗಿ ನೀವು ಕರೆ ಮಾಡಲೇಬೇಕು. ಒಮ್ಮೆ ತಪ್ಪಿದರೂ ಮುಂದಿನ ಸಲ ನನ್ನ ವಾಕ್ಯಕ್ಕೆ ಬೆಲೆ ಇರುವುದಿಲ್ಲ.